ಕಂಪ್ಯೂಟರ್ ನಿಮ್ಮದು, ಸೆಟ್ಟಿಂಗ್ ಯಾರದು?

ಹೊಸ ಕಂಪ್ಯೂಟರ್ ಮನೆಗೆ ತಂದು ಮೊದಲ ಬಾರಿಗೆ ಗುಂಡಿ ಒತ್ತಿದಾಗ ತೆರೆಯ ಮೇಲೆ ಸಾಲುಸಾಲು ಪ್ರಶ್ನೆಗಳು ಮೂಡುತ್ತವೆ. ದೇಶ ಯಾವುದು, ಕೀಲಿಮಣೆ ಯಾವುದು, ಖಾತೆ ಯಾವುದು, ಮಾಹಿತಿ ಕಳುಹಿಸಲು ಒಪ್ಪಿಗೆ ಇದೆಯೇ ಎಂದು ಅದು ಕೇಳುತ್ತಾ ಹೋಗುತ್ತದೆ. ನಮ್ಮಲ್ಲಿ ಬಹುತೇಕರು ಇವನ್ನು ಓದುವ ಗೋಜಿಗೆ ಹೋಗುವುದಿಲ್ಲ. 'ಮುಂದೆ', 'ಮುಂದೆ', 'ಒಪ್ಪುತ್ತೇನೆ' ಎಂದು ಒತ್ತಿ ಕೆಲಸ ಆರಂಭಿಸುತ್ತೇವೆ. ಹತ್ತು ನಿಮಿಷದಲ್ಲಿ ಮುಗಿದುಹೋಗುವ ಈ ಶಾಸ್ತ್ರ ಮುಂದಿನ ಐದಾರು ವರ್ಷಗಳ ಕಾಲ ನಮ್ಮ ಕಡತಗಳು ಎಲ್ಲಿರಬೇಕು, ನಮ್ಮ ಭಾಷೆ ತೆರೆಯ ಮೇಲೆ ಹೇಗೆ ಕಾಣಬೇಕು, ನಮ್ಮ ಬಗೆಗಿನ ಮಾಹಿತಿ ಯಾರ ಕೈಸೇರಬೇಕು ಎಂಬುದನ್ನೆಲ್ಲ ತೀರ್ಮಾನಿಸಿಬಿಟ್ಟಿರುತ್ತದೆ.

ಈ ವಿಷಯವನ್ನು ಈಗ ಪ್ರಸ್ತಾಪಿಸಲು ಕಾರಣವಿದೆ. 2015ರ ಜುಲೈನಲ್ಲಿ ಬಿಡುಗಡೆಯಾಗಿ ಹತ್ತು ವರ್ಷ ಜಗತ್ತಿನ ಕಚೇರಿ, ಮನೆ, ಬ್ಯಾಂಕುಗಳಲ್ಲಿ ದುಡಿದ ವಿಂಡೋಸ್ 10 ಕಾರ್ಯಾಚರಣಾ ವ್ಯವಸ್ಥೆಗೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಕೊನೆಗೊಂಡಿತು. ಹಳೆಯ ಯಂತ್ರ ಬಿಟ್ಟು ಹೊಸದಕ್ಕೆ, ಹಳೆಯ ಆವೃತ್ತಿ ಬಿಟ್ಟು ವಿಂಡೋಸ್ 11ಕ್ಕೆ ಹೋಗುವ ದೊಡ್ಡ ವಲಸೆ ಅಂದಿನಿಂದ ಇನ್ನಷ್ಟು ಬಿರುಸಾಯಿತು. ಪ್ರತಿ ವಲಸೆಯಲ್ಲೂ ಕೋಟ್ಯಂತರ ಜನ ಅದೇ 'ಮುಂದೆ', 'ಮುಂದೆ', 'ಒಪ್ಪುತ್ತೇನೆ' ಗುಂಡಿಗಳನ್ನು ಮತ್ತೊಮ್ಮೆ ಒತ್ತುತ್ತಾರೆ.

ತಯಾರಕರು ಮೊದಲೇ ಇಟ್ಟುಕೊಟ್ಟ ಆಯ್ಕೆಗೆ ತಂತ್ರಜ್ಞರ ಭಾಷೆಯಲ್ಲಿ 'ಡೀಫಾಲ್ಟ್' ಎನ್ನುತ್ತಾರೆ. ಇದು ಕೇವಲ ತಾಂತ್ರಿಕ ಅನುಕೂಲದ ಮಾತು ಎಂದು ಕಂಪನಿಗಳು ಹೇಳುತ್ತಾ ಬಂದಿವೆ. ಆದರೆ ಕಳೆದ ಕಾಲು ಶತಮಾನದ ಇತಿಹಾಸವನ್ನು ತಿರುವಿ ಹಾಕಿದರೆ ಬೇರೆಯದೇ ಚಿತ್ರ ಕಾಣುತ್ತದೆ. ಬಳಕೆದಾರ ಬದಲಿಸದೆ ಬಿಟ್ಟ ಪ್ರತಿ ಟಿಕ್ ಗುರುತಿನ ಹಿಂದೆಯೂ ಯಾರದೋ ನಿರ್ಧಾರವಿದೆ. ಆ ನಿರ್ಧಾರಕ್ಕೆ ಭದ್ರತೆಯ, ಭಾಷೆಯ, ಮಾರುಕಟ್ಟೆಯ ಹಾಗೂ ಖಾಸಗಿತನದ ಬೆಲೆಯಿದೆ.

ಸೆಟ್ಟಿಂಗ್ ಎಂದರೇನು?

ತೆರೆಯ ಮೇಲೆ ನಾವು ಕಾಣುವುದು ಒಂದು ಚಿಕ್ಕ ಚೌಕ, ಅದರಲ್ಲೊಂದು ಟಿಕ್ ಗುರುತು. ಒಳಗೆ ಅದು ಒಂದು ಅಂಕಿ ಮಾತ್ರ. ವಿಂಡೋಸ್ 95ರ ಕಾಲದಿಂದ ಈ ಅಂಕಿಗಳಲ್ಲಿ ಬಹುಪಾಲನ್ನು 'ರಿಜಿಸ್ಟ್ರಿ' ಎಂಬ ಕಡತಕೋಶದಲ್ಲಿ ಇಡಲಾಗುತ್ತಿದೆ. ಉದಾಹರಣೆಗೆ, ಕಡತದ ಹೆಸರಿನ ಕೊನೆಯ ಭಾಗವನ್ನು ತೋರಿಸಬೇಕೇ ಮರೆಮಾಡಬೇಕೇ ಎಂಬುದಕ್ಕೆ ಅಲ್ಲೊಂದು ನಮೂದಿದೆ. ಅದರಲ್ಲಿ 1 ಇದ್ದರೆ ಮರೆ, 0 ಇದ್ದರೆ ಬಯಲು. ಇಂತಹ ಸಾವಿರಾರು ನಮೂದುಗಳ ಒಟ್ಟು ಮೊತ್ತವೇ ನಾವು 'ನನ್ನ ಕಂಪ್ಯೂಟರ್' ಎಂದು ಕರೆಯುವ ವಸ್ತುವಿನ ಸ್ವಭಾವ.

ಬಳಕೆದಾರನ ದೃಷ್ಟಿಯಿಂದ ಈ ನಮೂದುಗಳಲ್ಲಿ ಮೂರು ಬಗೆಗಳಿವೆ. ಮೊದಲನೆಯದು ಸೆಟ್ಟಿಂಗ್ಸ್ ಪುಟದಲ್ಲೇ ಸಿಗುವ, ಯಾರು ಬೇಕಾದರೂ ಬದಲಿಸಬಹುದಾದ ಆಯ್ಕೆ. ಎರಡನೆಯದು ರಿಜಿಸ್ಟ್ರಿಗೇ ಕೈಹಾಕಿ ಅಥವಾ 'ಗ್ರೂಪ್ ಪಾಲಿಸಿ' ಎಂಬ ಆಡಳಿತ ಸಾಧನದ ಮೂಲಕ ಬದಲಿಸಬೇಕಾದದ್ದು. ಈ ಸಾಧನದ ಸಂಪಾದಕವನ್ನು ಮನೆಬಳಕೆಯ 'ಹೋಮ್' ಆವೃತ್ತಿಯಲ್ಲಿ ಕೊಡುವುದೇ ಇಲ್ಲ ಎಂಬುದು ಗಮನಾರ್ಹ. ಮೂರನೆಯದು ಮುಚ್ಚಿದ ಬಾಗಿಲು. ಯಂತ್ರದ ಸ್ಥಿತಿಗತಿ ಕುರಿತು ಕಂಪನಿಗೆ ರವಾನೆಯಾಗುವ 'ಅಗತ್ಯ' ಮಾಹಿತಿಯನ್ನು ಹೋಮ್ ಮತ್ತು ಪ್ರೊ ಆವೃತ್ತಿಗಳ ಸೆಟ್ಟಿಂಗ್ಸ್ ಪುಟದಲ್ಲಿ ಸಂಪೂರ್ಣ ನಿಲ್ಲಿಸಲಾಗದು. ದೊಡ್ಡ ಸಂಸ್ಥೆಗಳಿಗೆ ಮಾರುವ ಆವೃತ್ತಿಯಲ್ಲಿ ನಿಲ್ಲಿಸಬಹುದು. ಅಂದರೆ ಹೆಚ್ಚು ಹಣ ಕೊಟ್ಟವರಿಗೆ ಹೆಚ್ಚು ಸ್ವಾತಂತ್ರ್ಯ. ಯಾವ ಆಯ್ಕೆ ಯಾವ ಗುಂಪಿಗೆ ಸೇರಬೇಕು ಎಂಬುದನ್ನು ನಿರ್ಧರಿಸುವುದು ಬಳಕೆದಾರನಲ್ಲ. ಅಸಲಿ ಪ್ರಶ್ನೆ ಇರುವುದೇ ಇಲ್ಲಿ.

ಅನಾಹುತದ ನಂತರ ಬದಲಾದ ಟಿಕ್

2000ದ ಮೇ ತಿಂಗಳು. 'ಐ ಲವ್ ಯೂ' ಎಂಬ ಶೀರ್ಷಿಕೆಯ ಇ-ಮೇಲ್ ಒಂದೆರಡು ದಿನಗಳಲ್ಲಿ ಜಗತ್ತನ್ನೇ ಸುತ್ತಿ ಲಕ್ಷಾಂತರ ಕಂಪ್ಯೂಟರುಗಳನ್ನು ಕೆಡಿಸಿತು. ಅದರೊಂದಿಗಿದ್ದ ಕಡತ ಪ್ರೇಮಪತ್ರದ ವೇಷದಲ್ಲಿತ್ತು. ಹೆಸರಿನ ಕೊನೆಯಲ್ಲಿ ಮೊದಲು 'ಟಿಎಕ್ಸ್‌ಟಿ', ಅದರ ನಂತರ 'ವಿಬಿಎಸ್' ಎಂದಿತ್ತು. ಮೊದಲನೆಯದು ಸಾಮಾನ್ಯ ಪಠ್ಯದ ಗುರುತು, ಎರಡನೆಯದು ತಾನೇ ಚಲಾವಣೆಯಾಗುವ ಪ್ರೋಗ್ರಾಂನ ಗುರುತು. ವಿಂಡೋಸ್ ತನ್ನ ಡೀಫಾಲ್ಟ್ ಸೆಟ್ಟಿಂಗ್‌ಗೆ ಅನುಸಾರವಾಗಿ ಕೊನೆಯ ಭಾಗವನ್ನು ಮರೆಮಾಡಿತು. ಜನರಿಗೆ ಕಂಡಿದ್ದು ನಿರಪಾಯಕಾರಿ ಪತ್ರ ಮಾತ್ರ. ವಿಪರ್ಯಾಸವೆಂದರೆ ಇಪ್ಪತ್ತೈದು ವರ್ಷ ಕಳೆದ ಮೇಲೂ ವಿಂಡೋಸ್ 11ರಲ್ಲಿ ಆ ಡೀಫಾಲ್ಟ್ ಹಾಗೆಯೇ ಉಳಿದಿದೆ. 'ಬಿಲ್ ಡಾಟ್ ಪಿಡಿಎಫ್' ಎಂದು ಕಾಣುವ ಕಡತದ ಹಿಂದೆ 'ಇಎಕ್ಸ್‌ಇ' ಅಡಗಿದ್ದರೆ ಇಂದಿಗೂ ಸಾಮಾನ್ಯ ಬಳಕೆದಾರನಿಗೆ ಗೊತ್ತಾಗದು.

2003ರ ಆಗಸ್ಟ್‌ನಲ್ಲಿ 'ಬ್ಲಾಸ್ಟರ್' ಎಂಬ ಹುಳು ವಿಂಡೋಸ್ ಎಕ್ಸ್‌ಪಿ ಯಂತ್ರಗಳಿಗೆ ನುಗ್ಗಿತು. ಎಕ್ಸ್‌ಪಿಯಲ್ಲಿ ಫೈರ್‌ವಾಲ್ ಎಂಬ ರಕ್ಷಣಾಗೋಡೆ ಅದಾಗಲೇ ಇತ್ತು. ಆದರೆ ಅದನ್ನು ಆಫ್ ಸ್ಥಿತಿಯಲ್ಲಿ ಮಾರಲಾಗಿತ್ತು. ಕೋಟೆಗೆ ಬಾಗಿಲು ಕೂಡಿಸಿ ಅದನ್ನು ತೆರೆದೇ ಇಟ್ಟಂತಾಗಿತ್ತು ಆ ಸ್ಥಿತಿ. ಮರುವರ್ಷ, 2004ರ ಆಗಸ್ಟ್‌ನಲ್ಲಿ ಬಂದ ಎರಡನೇ ಸರ್ವಿಸ್ ಪ್ಯಾಕ್‌ನಲ್ಲಿ ಆ ಗೋಡೆ ತಾನಾಗಿಯೇ ಆನ್ ಆಗಿರುವಂತೆ ಮಾಡಲಾಯಿತು.

2008ರ ನವೆಂಬರ್‌ನಲ್ಲಿ ಕಾಣಿಸಿಕೊಂಡ 'ಕಾನ್‌ಫಿಕರ್' ಹುಳು ಹರಡಲು ಆರಿಸಿಕೊಂಡ ದಾರಿಗಳಲ್ಲಿ ಪೆನ್‌ಡ್ರೈವ್ ಒಂದು. ಪೆನ್‌ಡ್ರೈವ್ ಚುಚ್ಚಿದೊಡನೆ ಅದರಲ್ಲಿರುವುದು ತಾನಾಗಿ ಓಡಲು ಅನುವು ಮಾಡುವ 'ಆಟೋರನ್' ಸೌಲಭ್ಯ ಅದಕ್ಕೆ ನೆರವಾಯಿತು. 2009ರ ವಿಂಡೋಸ್ 7ರಲ್ಲಿ ಪೆನ್‌ಡ್ರೈವ್‌ಗಳ ಮಟ್ಟಿಗೆ ಅದನ್ನು ನಿಲ್ಲಿಸಲಾಯಿತು. ಎಕ್ಸ್‌ಪಿ ಮತ್ತು ವಿಸ್ತಾ ಬಳಕೆದಾರರಿಗೆ ಅದೇ ಬದಲಾವಣೆ ಸಾಮಾನ್ಯ ಅಪ್‌ಡೇಟ್ ಮೂಲಕ ತಲುಪುವಷ್ಟರಲ್ಲಿ 2011ರ ಫೆಬ್ರುವರಿ ಬಂದಿತ್ತು. 2017ರ ಮೇ 12ರಂದು ಬ್ರಿಟನ್ನಿನ ಸಾರ್ವಜನಿಕ ಆಸ್ಪತ್ರೆಗಳನ್ನೂ ಬಿಡದೆ ಕಾಡಿದ 'ವಾನಾಕ್ರೈ' ದಾಳಿಯ ಕಥೆಯೂ ಭಿನ್ನವಲ್ಲ. ಕಡತ ಹಂಚಿಕೆಯ ಹಳೆಯ ವಿಧಾನವಾದ ಎಸ್‌ಎಂಬಿ 1ರ ಲೋಪವನ್ನು ಅದು ಬಳಸಿಕೊಂಡಿತು. ಲೋಪಕ್ಕೆ ತೇಪೆ ಮಾರ್ಚ್‌ನಲ್ಲೇ ಬಂದಿತ್ತಾದರೂ ಹಾಕಿಕೊಳ್ಳದ ಯಂತ್ರಗಳು ಬಲಿಯಾದವು. ಬಹುತೇಕ ಯಾರಿಗೂ ಬೇಡದ ಆ ಹಳೆಯ ವಿಧಾನ ಅಲ್ಲಿಯವರೆಗೂ ಡೀಫಾಲ್ಟ್ ಆಗಿ ಆನ್ ಇತ್ತು. ಅದೇ ವರ್ಷದ ಅಕ್ಟೋಬರ್‌ನ ಆವೃತ್ತಿಯಿಂದ ಹೊಸ ಯಂತ್ರಗಳಲ್ಲಿ ಅದನ್ನು ಕೈಬಿಡಲಾಯಿತು.

ಈ ನಾಲ್ಕು ಪ್ರಕರಣಗಳನ್ನು ಪಕ್ಕಪಕ್ಕದಲ್ಲಿಟ್ಟರೆ ಒಂದು ಸತ್ಯ ಗೋಚರಿಸುತ್ತದೆ. ಬ್ಲಾಸ್ಟರ್, ಆಟೋರನ್, ಎಸ್‌ಎಂಬಿ 1 ಈ ಮೂರರಲ್ಲೂ ಟಿಕ್ ಬದಲಾದದ್ದು ಅನಾಹುತದ ನಂತರ. ನಾಲ್ಕನೆಯದರಲ್ಲಿ ಬದಲಾಗಲೇ ಇಲ್ಲ. ತಿಳಿದವರು ತಾವೇ ಮುಂಚಿತವಾಗಿ ಬದಲಿಸಿಕೊಂಡು ಬಚಾವಾದರು. ತಿಳಿಯದವರು ಬೆಲೆ ತೆತ್ತರು.

ಕನ್ನಡ ಕಾಯ್ದ ಐದು ವರ್ಷ

ಭದ್ರತೆಯ ವಿಚಾರ ಹಾಗಿರಲಿ, ಒಂದು ಟಿಕ್ ಗುರುತು ಕನ್ನಡದ ಅಂತರ್ಜಾಲವನ್ನೇ ಹೇಗೆ ಹಿಂದಕ್ಕೆ ಎಳೆಯಿತು ಎಂಬುದು ನಮಗೆ ಹೆಚ್ಚು ಹತ್ತಿರದ ವಿಷಯ.

ಜಗತ್ತಿನ ಎಲ್ಲ ಲಿಪಿಗಳಿಗೂ ಒಂದೇ ಸಂಕೇತ ಪದ್ಧತಿ ರೂಪಿಸುವ ಯುನಿಕೋಡ್ ತನ್ನ 1991ರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಸ್ಥಾನ ನೀಡಿತ್ತು. 2001ರ ಅಕ್ಟೋಬರ್‌ನಲ್ಲಿ ಬಂದ ವಿಂಡೋಸ್ ಎಕ್ಸ್‌ಪಿಯೊಂದಿಗೆ 'ತುಂಗಾ' ಎಂಬ ಕನ್ನಡ ಫಾಂಟ್ ಕೂಡ ಬಂತು. ಆದರೂ ಅಂದು ಯುನಿಕೋಡ್‌ನಲ್ಲಿ ಬರೆದ ಕನ್ನಡ ಪುಟವನ್ನು ತೆರೆದರೆ ಅನೇಕರಿಗೆ ಕಂಡದ್ದು ಖಾಲಿ ಚೌಕಗಳು ಅಥವಾ ಒತ್ತಕ್ಷರ, ಗುಣಿತಗಳು ಚೆಲ್ಲಾಪಿಲ್ಲಿಯಾದ ಸಾಲುಗಳು. ಕಾರಣ ಸರಳ. ಸಂಕೀರ್ಣ ಲಿಪಿಗಳಿಗೆ ಬೇಕಾದ ಕಡತಗಳನ್ನು ಅಳವಡಿಸುವ ಆಯ್ಕೆಗೆ ಟಿಕ್ ಗುರುತು ಇರಲಿಲ್ಲ. ಕಂಟ್ರೋಲ್ ಪ್ಯಾನೆಲ್ ತೆರೆದು, ಪ್ರಾದೇಶಿಕ ಹಾಗೂ ಭಾಷಾ ಆಯ್ಕೆಗಳಿಗೆ ಹೋಗಿ, ಭಾಷೆಗಳ ಪುಟದಲ್ಲಿ ಆ ಗುರುತು ಹಾಕಿ, ಮೂಲ ಸಿ.ಡಿ.ಯನ್ನು ಡ್ರೈವ್‌ಗೆ ಹಾಕಿ, ಯಂತ್ರವನ್ನು ಮರುಚಾಲನೆ ಮಾಡಬೇಕಿತ್ತು. ಸೈಬರ್ ಕೆಫೆಯಲ್ಲಿ ಗಂಟೆಗೆ ಹಣ ಕೊಟ್ಟು ಕುಳಿತವನಿಗೆ ಸಿ.ಡಿ. ಕೊಡುವವರಾರು? ಕಚೇರಿಯ ಯಂತ್ರದಲ್ಲಿ ಅದಕ್ಕೆ ಅನುಮತಿ ಕೊಡುವವರಾರು?

2007ರ ವಿಂಡೋಸ್ ವಿಸ್ತಾದಲ್ಲಿ ಈ ಬೆಂಬಲ ತಾನಾಗಿಯೇ ಆನ್ ಆಯಿತು. ಆದರೆ ನಡುವಿನ ಐದಕ್ಕೂ ಹೆಚ್ಚು ವರ್ಷ ಸಣ್ಣ ಅವಧಿಯಲ್ಲ. ಯುನಿಕೋಡ್ ನಂಬಲು ಸಾಧ್ಯವಿಲ್ಲದಿದ್ದಾಗ ಪತ್ರಿಕೆಗಳು, ಪ್ರಕಾಶಕರು, ಸರ್ಕಾರಿ ಇಲಾಖೆಗಳು ನುಡಿ, ಬರಹ, ಶ್ರೀಲಿಪಿ ಮೊದಲಾದ ತಂತ್ರಾಂಶಗಳ ಫಾಂಟ್ ಆಧಾರಿತ ಸಂಕೇತಗಳನ್ನೇ ನೆಚ್ಚಿಕೊಂಡವು. ಈ ತಂತ್ರಾಂಶಗಳ ಕೊಡುಗೆ ದೊಡ್ಡದು; ಅವಿಲ್ಲದಿದ್ದರೆ ಆ ಕಾಲದಲ್ಲಿ ಗಣಕದಲ್ಲಿ ಕನ್ನಡವೇ ಇರುತ್ತಿರಲಿಲ್ಲ. ಆದರೆ ಆ ಪದ್ಧತಿಯಲ್ಲಿ ಕಂಪ್ಯೂಟರ್‌ನ ಪಾಲಿಗೆ ಒಳಗಿರುವುದು ರೋಮನ್ ಅಕ್ಷರ ಮತ್ತು ಚಿಹ್ನೆಗಳ ಸರಮಾಲೆ, ಮೇಲೆ ಕನ್ನಡದ ಮುಖವಾಡ. ಫಾಂಟ್ ತೆಗೆದರೆ ಅರ್ಥವಿಲ್ಲದ ಗುರುತುಗಳು ಉಳಿಯುತ್ತವೆ. ಹುಡುಕಲು ಬಾರದು, ವಿಂಗಡಿಸಲು ಬಾರದು. ಅಂದು ಹಾಗೆ ಬರೆದಿಟ್ಟ ಅಪಾರ ಬರಹ ಪರಿವರ್ತನೆಯಾಗದೆ ಉಳಿದಲ್ಲೆಲ್ಲ ಇಂದಿನ ಶೋಧಯಂತ್ರಗಳ ಕಣ್ಣಿಗೆ ಕನ್ನಡವೇ ಅಲ್ಲ. ಡೀಫಾಲ್ಟ್ ಒಂದೇ ಇದಕ್ಕೆ ಕಾರಣ ಎನ್ನಲಾಗದು. ಆದರೆ ಅದು ಮುಖ್ಯ ಕಾರಣಗಳಲ್ಲಿ ಒಂದು ಎಂಬುದನ್ನು ಅಲ್ಲಗಳೆಯಲಾಗದು.

ಇಂದು ಸೌಲಭ್ಯಗಳಿಗೆ ಕೊರತೆಯಿಲ್ಲ. ವಿಂಡೋಸ್ 8ರಿಂದ 'ನಿರ್ಮಲಾ' ಫಾಂಟ್ ಬಂದಿದೆ. 2019ರಲ್ಲಿ ವಿಂಡೋಸ್ 10ಕ್ಕೆ ಉಚ್ಚಾರಣೆಯನ್ನು ಆಧರಿಸಿದ ಕನ್ನಡ ಕೀಲಿಮಣೆ ಸೇರಿತು. ಆದರೂ ನಮ್ಮ ಊರಿನ ಅಂಗಡಿಯಲ್ಲಿ ಕೊಳ್ಳುವ ಯಂತ್ರ ಸಾಮಾನ್ಯವಾಗಿ ಇಂಗ್ಲಿಷ್‌ನಲ್ಲೇ ಕಣ್ಣು ಬಿಡುತ್ತದೆ. ಕನ್ನಡ ಬೇಕೆಂದವನು ಹುಡುಕಿಕೊಂಡು ಹೋಗಿ ಸೇರಿಸಿಕೊಳ್ಳಬೇಕು.

ಭಾಷೆಯಷ್ಟೇ ಅಲ್ಲ, ಲೆಕ್ಕವೂ ಹಾಗೆಯೇ. ಪ್ರಾದೇಶಿಕ ಮಾದರಿ ಅಮೆರಿಕದ್ದಾಗಿದ್ದರೆ ಯಂತ್ರ ತಿಂಗಳನ್ನು ಮೊದಲು, ದಿನವನ್ನು ನಂತರ ಓದುತ್ತದೆ. ಎಕ್ಸೆಲ್ ಕೂಡ ಈ ಸೆಟ್ಟಿಂಗನ್ನೇ ಅನುಸರಿಸುತ್ತದೆ. ಹೀಗಾಗಿ ಜೂನ್ ಐದರ ಬಿಲ್ಲು ಎಂದು ನಾವು 05/06 ಬರೆದರೆ ಅದು ಮೇ ಆರು ಎಂದು ದಾಖಲಾಗುತ್ತದೆ. 12ನೇ ತಾರೀಕಿನ ನಂತರದ ದಿನಗಳನ್ನು ತಾರೀಕೆಂದೇ ಗುರುತಿಸದೆ ಬಿಡುತ್ತದೆ. ಒಂದು ಕೋಟಿಯನ್ನು 1,00,00,000 ಎಂದು ಬರೆಯುವ ನಮ್ಮ ರೂಢಿ ಹೋಗಿ 10,000,000 ಆಗುತ್ತದೆ. 2010ರ ಜುಲೈನಲ್ಲಿ ಕೇಂದ್ರ ಸರ್ಕಾರ ಅಂಗೀಕರಿಸಿದ ರೂಪಾಯಿ ಚಿಹ್ನೆ ಅಮೆರಿಕದ ಕೀಲಿಮಣೆ ವಿನ್ಯಾಸದಲ್ಲಿ ಇಲ್ಲ. 'ಇಂಗ್ಲಿಷ್ (ಇಂಡಿಯಾ)' ವಿನ್ಯಾಸ ಆರಿಸಿಕೊಂಡರೆ ಬಲಗಡೆಯ ಆಲ್ಟ್ ಕೀಲಿಯೊಂದಿಗೆ 4 ಒತ್ತಿದರೆ ಸಿಗುತ್ತದೆ. ಇಷ್ಟು ಸಣ್ಣ ಸಂಗತಿ ತಿಳಿಯದೆ ವರ್ಷಗಟ್ಟಲೆ 'ರೂ.' ಎಂದೋ 'ಆರ್‌ಎಸ್' ಎಂದೋ ಬರೆಯುತ್ತಿರುವವರು ಎಷ್ಟೋ ಮಂದಿ.

ಟಿಕ್ ಗುರುತಿನ ಮಾರುಕಟ್ಟೆ ಬೆಲೆ

ಡೀಫಾಲ್ಟ್‌ಗೆ ಬೆಲೆಯಿಲ್ಲ ಎನ್ನುವವರು ನ್ಯಾಯಾಲಯಗಳ ಕಡತ ನೋಡಬೇಕು. ವಿಂಡೋಸ್‌ನೊಂದಿಗೆ ಇಂಟರ್ನೆಟ್ ಎಕ್ಸ್‌ಪ್ಲೋರರ್ ಅನ್ನು ಬೆಸೆದ ಕಾರಣಕ್ಕೆ 1998ರಲ್ಲಿ ಅಮೆರಿಕದ ನ್ಯಾಯ ಇಲಾಖೆ ಮೈಕ್ರೋಸಾಫ್ಟ್ ವಿರುದ್ಧ ಮೊಕದ್ದಮೆ ಹೂಡಿತು. 2000ದಲ್ಲಿ ಕಂಪನಿಯನ್ನು ಎರಡು ಹೋಳು ಮಾಡುವ ಆದೇಶವೂ ಹೊರಬಿತ್ತು. ಮರುವರ್ಷ ಮೇಲ್ಮನವಿ ನ್ಯಾಯಾಲಯ ಆ ಆದೇಶವನ್ನು ರದ್ದುಪಡಿಸಿತಾದರೂ ಏಕಸ್ವಾಮ್ಯದ ದುರ್ಬಳಕೆ ನಡೆದಿದೆ ಎಂಬ ತೀರ್ಮಾನದ ಮುಖ್ಯ ಭಾಗವನ್ನು ಎತ್ತಿಹಿಡಿಯಿತು.

ಯುರೋಪ್ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. 2010ರ ಮಾರ್ಚ್‌ನಿಂದ ಅಲ್ಲಿನ ವಿಂಡೋಸ್ ಬಳಕೆದಾರರಿಗೆ ಹಲವು ಬ್ರೌಸರ್‌ಗಳ ಪಟ್ಟಿ ತೋರಿಸಿ ಆಯ್ಕೆ ಕೇಳಲಾಯಿತು. ವಿಂಡೋಸ್ 7ರ ಒಂದು ಪರಿಷ್ಕರಣೆಯಲ್ಲಿ ಈ ಪಟ್ಟಿ ಕಾಣದೆ ಹೋದಾಗ, ಒಂದೂವರೆ ಕೋಟಿ ಬಳಕೆದಾರರಿಗೆ ಆಯ್ಕೆ ತಪ್ಪಿತೆಂದು 2013ರ ಮಾರ್ಚ್‌ನಲ್ಲಿ ಯುರೋಪಿಯನ್ ಆಯೋಗ 56.1 ಕೋಟಿ ಯೂರೋ ದಂಡ ವಿಧಿಸಿತು. ಒಂದು ತೆರೆ ಕಾಣಿಸದಿದ್ದುದಕ್ಕೆ ತೆತ್ತ ದಂಡವದು.

ಅಮೆರಿಕದಲ್ಲಿ ಗೂಗಲ್ ವಿರುದ್ಧದ ಪ್ರಕರಣ ಇನ್ನೂ ಸ್ಪಷ್ಟ ಲೆಕ್ಕ ಒದಗಿಸಿತು. ಬ್ರೌಸರ್ ಮತ್ತು ಫೋನ್‌ಗಳಲ್ಲಿ ತನ್ನ ಶೋಧಯಂತ್ರವೇ ಡೀಫಾಲ್ಟ್ ಆಗಿರಲೆಂದು ಆ ಕಂಪನಿ 2021ರ ಒಂದೇ ವರ್ಷದಲ್ಲಿ ಪಾವತಿಸಿದ್ದು 2,630 ಕೋಟಿ ಡಾಲರ್. ಜನ ಸೆಟ್ಟಿಂಗ್ ಬದಲಿಸುತ್ತಾರೆ ಎಂಬ ನಂಬಿಕೆ ಇದ್ದಿದ್ದರೆ ಇಷ್ಟು ಹಣ ಯಾರು ಕೊಡುತ್ತಿದ್ದರು? 2024ರ ಆಗಸ್ಟ್‌ನಲ್ಲಿ ನ್ಯಾಯಾಧೀಶ ಅಮಿತ್ ಮೆಹ್ತಾ ಇದನ್ನು ಕಾನೂನುಬಾಹಿರ ಏಕಸ್ವಾಮ್ಯವೆಂದು ಸಾರಿದರು. ನಮ್ಮಲ್ಲೂ ಭಾರತೀಯ ಸ್ಪರ್ಧಾ ಆಯೋಗ 2022ರ ಅಕ್ಟೋಬರ್‌ನಲ್ಲಿ ಆಂಡ್ರಾಯ್ಡ್ ಪ್ರಕರಣದಲ್ಲಿ ಗೂಗಲ್‌ಗೆ 1,337.76 ಕೋಟಿ ರೂಪಾಯಿ ದಂಡ ಹಾಕಿತು. 2023ರ ಮಾರ್ಚ್‌ನಲ್ಲಿ ಮೇಲ್ಮನವಿ ನ್ಯಾಯಮಂಡಳಿ ಕೆಲವು ನಿರ್ದೇಶನಗಳನ್ನು ಕೈಬಿಟ್ಟರೂ ದಂಡವನ್ನು ಎತ್ತಿಹಿಡಿಯಿತು.

ಇಲ್ಲೊಂದು ಕಹಿ ಸತ್ಯವಿದೆ. ಯುರೋಪಿನ ಡಿಜಿಟಲ್ ಮಾರುಕಟ್ಟೆ ಕಾಯ್ದೆಗೆ ಅನುಗುಣವಾಗಿ 2024ರ ಮಾರ್ಚ್ ವೇಳೆಗೆ ಅಲ್ಲಿನ ವಿಂಡೋಸ್ ಬಳಕೆದಾರರಿಗೆ ಎಡ್ಜ್ ಬ್ರೌಸರನ್ನು ತೆಗೆದುಹಾಕುವ, ಬಿಂಗ್ ಶೋಧವನ್ನು ನಿಲ್ಲಿಸುವ ಅವಕಾಶ ದೊರೆಯಿತು. ವಿಂಡೋಸ್ 10ರ ವಿಷಯದಲ್ಲೂ ಅದೇ. ಒಂದು ವರ್ಷದ ಹೆಚ್ಚುವರಿ ಭದ್ರತಾ ಅಪ್‌ಡೇಟ್ ಬೇಕಿದ್ದವರು 30 ಡಾಲರ್ ಕೊಡಬೇಕು, ಇಲ್ಲವೇ ತಮ್ಮ ಸೆಟ್ಟಿಂಗ್‌ಗಳನ್ನು ಮೈಕ್ರೋಸಾಫ್ಟ್ ಖಾತೆಗೆ ಬ್ಯಾಕಪ್ ಮಾಡಬೇಕು ಅಥವಾ ಕಂಪನಿಯ ರಿವಾರ್ಡ್ಸ್ ಅಂಕಗಳನ್ನು ಬಳಸಬೇಕು ಎಂದು 2025ರ ಜೂನ್‌ನಲ್ಲಿ ಪ್ರಕಟವಾಯಿತು. ಯುರೋಪಿನ ಗ್ರಾಹಕ ಸಂಘಟನೆ ಆಕ್ಷೇಪಿಸಿದ ಬಳಿಕ ಸೆಪ್ಟೆಂಬರ್‌ನಲ್ಲಿ ಅಲ್ಲಿನವರಿಗೆ ಬ್ಯಾಕಪ್‌ನ ಷರತ್ತು ಸಡಿಲವಾಯಿತು. ಒಂದೇ ತಂತ್ರಾಂಶ, ಒಂದೇ ಹೆಸರು. ಆದರೆ ಪ್ಯಾರಿಸ್‌ನಲ್ಲಿ ತೆರೆದ ಬಾಗಿಲು ಬೆಂಗಳೂರಿನಲ್ಲಿ ತೆರೆಯಲಿಲ್ಲ. ತಾಂತ್ರಿಕವಾಗಿ ಅಸಾಧ್ಯವೆಂಬ ನೆಪ ಇನ್ನು ಸಲ್ಲದು. ಸಾಧ್ಯವಾಗಿಸಿದ್ದು ಕಾನೂನು.

ಒಪ್ಪಿಗೆ ಎಂಬ ಹೆಸರಿನಲ್ಲಿ

ಖಾಸಗಿತನದ ವಿಷಯದಲ್ಲಿ ಡೀಫಾಲ್ಟ್‌ನ ತೂಕ ಇನ್ನೂ ಹೆಚ್ಚು. ವಿಂಡೋಸ್ 10 ಅಗತ್ಯಕ್ಕಿಂತ ಹೆಚ್ಚು ಮಾಹಿತಿ ಸಂಗ್ರಹಿಸುತ್ತಿದೆ ಎಂದು 2016ರ ಜುಲೈನಲ್ಲಿ ಫ್ರಾನ್ಸ್‌ನ ದತ್ತಾಂಶ ರಕ್ಷಣಾ ಸಂಸ್ಥೆ ನೋಟಿಸ್ ನೀಡಿತು. 2017ರ ಏಪ್ರಿಲ್ ಆವೃತ್ತಿಯಲ್ಲಿ ಖಾಸಗಿತನದ ಆಯ್ಕೆಗಳನ್ನು ಬಿಡಿಸಿ ಕೇಳುವ ಹೊಸ ತೆರೆ ಬಂತು. 2024ರ ಮೇ ತಿಂಗಳಲ್ಲಿ ಮೈಕ್ರೋಸಾಫ್ಟ್ ಪ್ರಕಟಿಸಿದ 'ರೀಕಾಲ್' ಸೌಲಭ್ಯ ಬಳಕೆದಾರನ ತೆರೆಯ ಚಿತ್ರಗಳನ್ನು ಆಗಾಗ ತೆಗೆದಿಟ್ಟುಕೊಳ್ಳುವಂಥದ್ದು. ಅದು ತಾನಾಗಿ ಆನ್ ಆಗಿರುತ್ತದೆ ಎಂಬ ಸುದ್ದಿಗೆ ಭದ್ರತಾ ತಜ್ಞರು ತೀವ್ರವಾಗಿ ಪ್ರತಿಕ್ರಿಯಿಸಿದರು. ಮೂರು ವಾರ ಕಳೆಯುವುದರೊಳಗೆ, ಬೇಕೆಂದವರು ಮಾತ್ರ ಆನ್ ಮಾಡಿಕೊಳ್ಳಲಿ ಎಂದು ಕಂಪನಿ ನಿಲುವು ಬದಲಿಸಿತು.

ಎಲ್ಲ ಡೀಫಾಲ್ಟ್‌ಗಳೂ ಕೆಟ್ಟವಲ್ಲ. ಕೆಲವು ಒಳ್ಳೆಯವೂ ಅಪಾಯಕಾರಿಯೂ ಒಟ್ಟಿಗೇ ಆಗಿರುತ್ತವೆ. 2024ರ ಅಕ್ಟೋಬರ್‌ನಿಂದ ಹರಡಿದ ವಿಂಡೋಸ್ 11ರ 24ಎಚ್2 ಆವೃತ್ತಿಯನ್ನು ಹೊಸದಾಗಿ ಹಾಕಿ ಮೈಕ್ರೋಸಾಫ್ಟ್ ಖಾತೆಯೊಂದಿಗೆ ಪ್ರವೇಶಿಸಿದರೆ, ಅರ್ಹ ಯಂತ್ರಗಳಲ್ಲಿ ಇಡೀ ಡಿಸ್ಕ್ ತಾನಾಗಿಯೇ ಗೂಢಲಿಪಿಗೆ ಬದಲಾಗುತ್ತದೆ. ಲ್ಯಾಪ್‌ಟಾಪ್ ಕಳುವಾದರೆ ಕಳ್ಳನಿಗೆ ಕಡತಗಳು ದಕ್ಕುವುದಿಲ್ಲ, ಇದು ಸ್ವಾಗತಾರ್ಹ. ಆದರೆ ಯಂತ್ರ ಕೆಟ್ಟು, ದುರಸ್ತಿಯ ಹೊತ್ತಿಗೆ 48 ಅಂಕಿಗಳ ಮರುಪಡೆಯುವ ಕೀಲಿ ಕೇಳಿದಾಗ ಅದು ಇರುವುದು ಆ ಖಾತೆಯಲ್ಲಿ. ಖಾತೆ ತೆರೆದುಕೊಟ್ಟವನು ಅಂಗಡಿಯ ಹುಡುಗನಾಗಿದ್ದರೆ? ಗುಪ್ತಪದ ಯಾರಿಗೂ ನೆನಪಿಲ್ಲದಿದ್ದರೆ? ಮಗಳ ಮದುವೆಯ ಚಿತ್ರಗಳು, ಅಂಗಡಿಯ ಹತ್ತು ವರ್ಷದ ಲೆಕ್ಕ, ಸಂಶೋಧನಾ ಪ್ರಬಂಧದ ಕರಡು ಎಲ್ಲವೂ ಕಣ್ಣೆದುರೇ ಬೀಗ ಹಾಕಿದ ಪೆಟ್ಟಿಗೆಯಲ್ಲಿ ಉಳಿಯುತ್ತವೆ. ಕೀಲಿಯಿಲ್ಲದೆ ಆ ಬೀಗ ಒಡೆಯುವ ಶಕ್ತಿ ದುರಸ್ತಿಗಾರನಿಗಿಲ್ಲ.

ಭಾರತದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 2023ರ ಆಗಸ್ಟ್‌ನಲ್ಲಿ ಅಂಗೀಕಾರವಾಯಿತು; ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು. ಒಪ್ಪಿಗೆ ಮುಕ್ತವಾಗಿರಬೇಕು, ನಿರ್ದಿಷ್ಟವಾಗಿರಬೇಕು, ತಿಳಿದು ನೀಡಿದ್ದಾಗಿರಬೇಕು, ಸ್ಪಷ್ಟ ಕ್ರಿಯೆಯ ಮೂಲಕ ವ್ಯಕ್ತವಾಗಬೇಕು ಎನ್ನುತ್ತದೆ ಕಾಯ್ದೆ. ಅದಕ್ಕಿಂತ ಮುಖ್ಯವಾಗಿ, ಒಪ್ಪಿಗೆ ಕೋರುವ ಸೂಚನೆಯನ್ನು ಇಂಗ್ಲಿಷ್‌ನಲ್ಲಿ ಅಥವಾ ಸಂವಿಧಾನದ ಎಂಟನೇ ಪರಿಚ್ಛೇದದ 22 ಭಾಷೆಗಳಲ್ಲಿ ಯಾವುದರಲ್ಲಾದರೂ ಓದುವ ಆಯ್ಕೆ ನೀಡಬೇಕು ಎನ್ನುತ್ತದೆ. ಅವುಗಳಲ್ಲಿ ಕನ್ನಡವೂ ಒಂದು. ಪೂರ್ವಭಾವಿಯಾಗಿ ಟಿಕ್ ಹಾಕಿಟ್ಟ ಚೌಕ 'ಸ್ಪಷ್ಟ ಕ್ರಿಯೆ' ಹೇಗಾದೀತು ಎಂಬ ಪ್ರಶ್ನೆಗೆ ಕಂಪನಿಗಳು ಉತ್ತರಿಸಬೇಕಾದ ಕಾಲ ಹತ್ತಿರವಾಗಿದೆ. ಮುಖ್ಯ ನಿಬಂಧನೆಗಳ ಜಾರಿಗೆ ನಿಯಮಗಳು ಹದಿನೆಂಟು ತಿಂಗಳ ಕಾಲಾವಕಾಶ ಕೊಟ್ಟಿವೆ.

ಕಂಪನಿಗಳ ವಾದವೂ ಪೊಳ್ಳಲ್ಲ

ನಾಣ್ಯದ ಇನ್ನೊಂದು ಮುಖವನ್ನೂ ನೋಡಬೇಕಾಗುತ್ತದೆ. ಪ್ರತಿ ಆಯ್ಕೆಯನ್ನೂ ಬಳಕೆದಾರನಿಗೆ ಕೇಳುತ್ತಾ ಹೋದರೆ ಹೊಸ ಯಂತ್ರ ಆರಂಭಿಸಲು ಇಡೀ ದಿನ ಸಾಲದು. ಫೈರ್‌ವಾಲ್, ಸ್ವಯಂಚಾಲಿತ ಅಪ್‌ಡೇಟ್ ಮೊದಲಾದವು ಆನ್ ಆಗಿ ಬರುವುದರಿಂದಲೇ ಕೋಟ್ಯಂತರ ಮಂದಿ ತಮಗರಿವಿಲ್ಲದೆ ಸುರಕ್ಷಿತರಾಗಿದ್ದಾರೆ. 'ಕಂಪ್ಯೂಟರ್ ವೇಗ ಹೆಚ್ಚಿಸುವ' ಹೆಸರಿನಲ್ಲಿ ವಿಡಿಯೋ ನೋಡಿ ರಿಜಿಸ್ಟ್ರಿಗೆ ಕೈಹಾಕಿದವರು, ಅಪ್‌ಡೇಟ್ ನಿಲ್ಲಿಸಿದವರು, ಯಾರೋ ಬರೆದ ಸ್ಕ್ರಿಪ್ಟ್ ಓಡಿಸಿದವರು ತಾವೇ ತೋಡಿದ ಹಳ್ಳಕ್ಕೆ ಬಿದ್ದ ಉದಾಹರಣೆಗಳು ಬೇಕಾದಷ್ಟಿವೆ. ಬದಲಾವಣೆಗೆ ಮುನ್ನ 'ರಿಸ್ಟೋರ್ ಪಾಯಿಂಟ್' ಇಟ್ಟುಕೊಳ್ಳಿ ಎಂಬುದು ಬಲ್ಲವರ ಸಲಹೆ. ವಿನೋದವೆಂದರೆ ಅನೇಕ ಯಂತ್ರಗಳಲ್ಲಿ ಆ ರಕ್ಷಣೆಯೇ ಆಫ್ ಆಗಿರುತ್ತದೆ!

ಆದ್ದರಿಂದ ಡೀಫಾಲ್ಟ್ ಬೇಡ ಎಂಬುದು ವಾದವಲ್ಲ. ಯಾರ ಹಿತಕ್ಕಾಗಿ ಆ ಡೀಫಾಲ್ಟ್ ಎಂಬುದು ಪ್ರಶ್ನೆ. ಬಳಕೆದಾರನ ರಕ್ಷಣೆಗಾಗಿ ಇಟ್ಟ ಟಿಕ್ ಮತ್ತು ಕಂಪನಿಯ ವ್ಯಾಪಾರಕ್ಕಾಗಿ ಇಟ್ಟ ಟಿಕ್ ಒಂದೇ ಪುಟದಲ್ಲಿ, ಒಂದೇ ಬಣ್ಣದಲ್ಲಿ ಕಾಣುತ್ತವೆ. ಬೇರ್ಪಡಿಸಿ ನೋಡುವ ಕಣ್ಣು ಬೇಕು.

ಸರ್ಕಾರ ಮಾಡಬಹುದಾದದ್ದು

ಕರ್ನಾಟಕ 2024ರಲ್ಲಿ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆಗೆ ತಿದ್ದುಪಡಿ ತಂದು ಅಂಗಡಿಗಳ ನಾಮಫಲಕದಲ್ಲಿ ಶೇ. 60ರಷ್ಟು ಕನ್ನಡ ಕಡ್ಡಾಯಗೊಳಿಸಿತು. ಅದಕ್ಕೆ ಮುನ್ನ ಬೀದಿಯಲ್ಲಿ ಹೋರಾಟವೂ ನಡೆಯಿತು. ಆದರೆ ಅದೇ ಅಂಗಡಿಯ ಒಳಗೆ, ಬಿಲ್ಲು ಬರೆಯುವ ಕಂಪ್ಯೂಟರ್‌ನಲ್ಲಿ ಕನ್ನಡ ಕೀಲಿಮಣೆ ಇದೆಯೇ ಎಂದು ಕೇಳಿದವರಿಲ್ಲ. ಫಲಕ ಬದಲಿಸಲು ಹಣ ಬೇಕು. ಸೆಟ್ಟಿಂಗ್ ಬದಲಿಸಲು ಐದು ನಿಮಿಷ ಸಾಕು.

ಸರ್ಕಾರಿ ಕಚೇರಿ, ಶಾಲೆ, ಗ್ರಂಥಾಲಯಗಳಿಗೆ ಯಂತ್ರ ಕೊಳ್ಳುವಾಗ ಟೆಂಡರ್ ಷರತ್ತಿನಲ್ಲೇ ಇದನ್ನು ಸೇರಿಸಬಹುದು. ಕನ್ನಡ ಭಾಷೆ ಹಾಗೂ ಕೀಲಿಮಣೆ ಸಿದ್ಧವಾಗಿರಬೇಕು, ಭಾರತದ ಪ್ರಾದೇಶಿಕ ಮಾದರಿ ಇರಬೇಕು, ಕಡತದ ಪೂರ್ಣ ಹೆಸರು ಕಾಣಬೇಕು, ಐಚ್ಛಿಕ ಮಾಹಿತಿ ರವಾನೆ ನಿಂತಿರಬೇಕು ಎಂದರೆ ಪೂರೈಕೆದಾರ ಒಂದು ಯಂತ್ರದಲ್ಲಿ ಸಿದ್ಧಪಡಿಸಿ ಎಲ್ಲಕ್ಕೂ ಅದನ್ನೇ ನಕಲಿಸುತ್ತಾನೆ. ಇದಕ್ಕೆ ಹೆಚ್ಚಿನ ವೆಚ್ಚವಿಲ್ಲ. ನೆರೆಯ ಕೇರಳ ಇನ್ನೂ ಮುಂದೆ ಹೋಗಿದೆ. ಅಲ್ಲಿನ ಶಾಲೆಗಳಿಗೆಂದು 'ಕೈಟ್' ಸಂಸ್ಥೆ ಉಬುಂಟು ಆಧರಿಸಿದ ಮುಕ್ತ ಕಾರ್ಯಾಚರಣಾ ವ್ಯವಸ್ಥೆಯನ್ನೇ ತನ್ನ ಪಠ್ಯಕ್ರಮಕ್ಕೆ, ತನ್ನ ಭಾಷೆಗೆ ತಕ್ಕಂತೆ ಹೊಂದಿಸಿ ನೀಡುತ್ತಿದೆ. ಅಲ್ಲಿ ಡೀಫಾಲ್ಟ್ ಏನಿರಬೇಕು ಎಂಬ ನಿರ್ಧಾರ ರಾಜ್ಯದ ಕೈಯಲ್ಲೇ ಇದೆ. ಮಾಹಿತಿ ತಂತ್ರಜ್ಞಾನದ ರಾಜಧಾನಿ ಎನಿಸಿಕೊಂಡ ಬೆಂಗಳೂರು ಈ ವಿಷಯದಲ್ಲಿ ನೆರೆಯವರತ್ತ ನೋಡಬೇಕಾಗಿ ಬಂದಿರುವುದು ಚಿಂತಿಸಬೇಕಾದ ಸಂಗತಿ.

ನೀವು ಮಾಡಬಹುದಾದದ್ದು

ಸರ್ಕಾರ ಎಚ್ಚೆತ್ತುಕೊಳ್ಳುವವರೆಗೆ ಕಾಯಬೇಕಿಲ್ಲ. ವಿಂಡೋಸ್ 11 ಇರುವವರು ಬಿಡುವಿನ ಕಾಲು ಗಂಟೆಯಲ್ಲಿ ಈ ಆರು ಕೆಲಸ ಮುಗಿಸಬಹುದು.

1. ಸೆಟ್ಟಿಂಗ್ಸ್‌ನಲ್ಲಿ 'ಟೈಮ್ ಆಂಡ್ ಲಾಂಗ್ವೇಜ್' ತೆರೆದು ಕನ್ನಡ ಭಾಷೆ ಸೇರಿಸಿ, ಉಚ್ಚಾರಣೆ ಆಧಾರಿತ ಕೀಲಿಮಣೆ ಆರಿಸಿ. ವಿಂಡೋಸ್ ಕೀಲಿ ಹಿಡಿದು ಸ್ಪೇಸ್ ಒತ್ತಿದರೆ ಇಂಗ್ಲಿಷ್‌ನಿಂದ ಕನ್ನಡಕ್ಕೆ ದಾಟಬಹುದು.

2. ಅಲ್ಲೇ ಪ್ರಾದೇಶಿಕ ಮಾದರಿ 'ಇಂಗ್ಲಿಷ್ (ಇಂಡಿಯಾ)' ಅಥವಾ ಕನ್ನಡ ಆಗಿದೆಯೇ ನೋಡಿ. ತಾರೀಕು, ಲಕ್ಷ, ಕೋಟಿ ಸರಿಹೋಗುತ್ತವೆ.

3. ಫೈಲ್ ಎಕ್ಸ್‌ಪ್ಲೋರರ್‌ನ 'ವ್ಯೂ', ಅದರೊಳಗಿನ 'ಶೋ' ಪಟ್ಟಿಯಲ್ಲಿ ಕಡತದ ಹೆಸರಿನ ವಿಸ್ತರಣೆಗೆ ಟಿಕ್ ಹಾಕಿ.

4. 'ಪ್ರೈವಸಿ ಆಂಡ್ ಸೆಕ್ಯುರಿಟಿ' ಪುಟದಲ್ಲಿ ಐಚ್ಛಿಕ ಮಾಹಿತಿ ರವಾನೆಯನ್ನು ನಿಲ್ಲಿಸಿ.

5. ಅದೇ ಪುಟದಲ್ಲಿ ಡಿವೈಸ್ ಎನ್‌ಕ್ರಿಪ್ಷನ್ ಆನ್ ಇದ್ದರೆ, ನಿಮ್ಮ ಖಾತೆಯಲ್ಲಿರುವ 48 ಅಂಕಿಗಳ ಕೀಲಿಯನ್ನು ಕಾಗದದಲ್ಲಿ ಬರೆದು ಬೀರುವಿನಲ್ಲಿಡಿ. ಖಾತೆ ನಿಮ್ಮದೇ ಹೆಸರಿನಲ್ಲಿದೆಯೇ ಎಂದು ಖಚಿತಪಡಿಸಿಕೊಳ್ಳಿ.

6. ನಿಮ್ಮ ಡೆಸ್ಕ್‌ಟಾಪ್, ಚಿತ್ರಗಳು ಒನ್‌ಡ್ರೈವ್‌ಗೆ ಹೋಗುತ್ತಿವೆಯೇ ಪರಿಶೀಲಿಸಿ. ಉಚಿತವಾಗಿ ಸಿಗುವ ಜಾಗ 5 ಜಿಬಿ ಮಾತ್ರ. ಬೇಕಿದ್ದರೆ ಇರಲಿ, ಆದರೆ ಅದು ನಿಮ್ಮ ಆಯ್ಕೆಯಾಗಿರಲಿ.

ಅಪ್‌ಡೇಟ್ ಮತ್ತು ಫೈರ್‌ವಾಲ್‌ಗಳನ್ನು ಮಾತ್ರ ಮುಟ್ಟಬೇಡಿ.

ಬಾಡಿಗೆ ಮನೆಗೆ ಹೋದವರೂ ಮೊದಲ ದಿನ ಬೀಗ, ನಲ್ಲಿ, ಮೀಟರ್ ನೋಡಿಕೊಳ್ಳುತ್ತಾರೆ. ಹಣ ಕೊಟ್ಟು ಕೊಂಡ ಯಂತ್ರಕ್ಕೆ ಆ ಕಾಳಜಿ ಬೇಡವೇ? ಕೋಟಿಗಟ್ಟಲೆ ಡಾಲರ್ ತೆತ್ತು ಕಂಪನಿಗಳು ಕಾಪಾಡಿಕೊಳ್ಳಲು ಹೆಣಗುತ್ತಿರುವುದು ನೀವು ನೋಡದೆ ದಾಟಿ ಹೋಗುವ ಆ ಒಂದು ಟಿಕ್ ಗುರುತನ್ನು. ಅದನ್ನು ಬದಲಿಸಲು ತಗಲುವ ಖರ್ಚು ಒಂದು ಕ್ಲಿಕ್ ಮಾತ್ರ.